ಡಬ್ಬಿ ಟೀಚರ್ ತರುವ ಇಲಿಯ ಸುದ್ದಿ

ಮಗುವಿಗೆ ಹಾಲೂಡಿಸುವಾಗ ಎದೆಯಲ್ಲಿ ಕೈಗೆ ತಗುಲಿದ ಗಂಟು ಹತ್ತು ದಿನದಿಂದ ಅವಳ ನಿದ್ದೆ ಕೆಡಿಸಿತ್ತು. ಆಸ್ಪತ್ರೆಗೆ ಫೋನ್ ಮಾಡುವ ಧೈರ್ಯ ಮಾತ್ರ ಬಂದಿರಲಿಲ್ಲ. ಅವತ್ತು ಬೆಳಿಗ್ಗೆ ಬಾಗಿಲು ತಟ್ಟಿದವರು ಡಬ್ಬಿ ಹಿಡಿದು ಮನೆಮನೆಯಲ್ಲೂ ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಎತ್ತುವ ಡಬ್ಬಿ ಟೀಚರ್. ನಿವೃತ್ತರಾದರೂ ಹಾಜರಿ ಕರೆಯುವ ಗತ್ತು ಅವರನ್ನು ಬಿಟ್ಟಿಲ್ಲ. ಲಿಫ್ಟ್ ಹತ್ತುವುದಿಲ್ಲ, ಕಾಫಿ ಮುಟ್ಟುವುದಿಲ್ಲ, ಕೊಡದವರ ಮೇಲೆ ಮುನಿಯುವುದೂ ಇಲ್ಲ. ಕೊಟ್ಟವರಿಗೆ ಮಾತ್ರ ಹೋದ ಸಲದ ದೇಣಿಗೆ ಏನಾಯಿತೆಂಬುದನ್ನು ಕೇಳಿಸಿಕೊಳ್ಳದೆ ಬಿಡುಗಡೆಯಿಲ್ಲ. ಪ್ರಯೋಗಾಲಯದಲ್ಲಿ ಇರುವುದೆಲ್ಲ ಅವರ ಪ್ರಕಾರ ದಾನಿಗಳ ಸ್ವಂತ ಆಸ್ತಿ. ಎದುರುಮನೆ ವಕೀಲರನ್ನು "ನಿಮ್ಮ ಗಾಜಿನ ತಟ್ಟೆ ಒಡೆದ್ಹೋಯ್ತು ಸ್ವಾಮಿ, ಇನ್ನೊಂದು ಕೊಡ್ಸಿ" ಎಂದು ದಬಾಯಿಸಿ ಬಂದವರು, ಅವಳಿಗೆ ನೆಂಟರ ಯೋಗಕ್ಷೇಮ ಹೇಳುವಂತೆ, "ನಿಮ್ಮ ಇಲಿ ಆರಾಮಾಗಿದೆ ಕಣಮ್ಮ, ಹೊಸ ಔಷಧಿ ಒಗ್ಗಿದೆ, ತೂಕಾನೂ ಬಂದಿದೆ" ಎಂದರು. ಅವಳಿಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. "ಇಲಿ ಬದುಕಿದ್ರೆ ಮನುಷ್ಯರೂ ಬದುಕ್ತಾರಾ ಟೀಚರ್?" ಟೀಚರ್ ಅವಳ ಮುಖವನ್ನೇ ನೋಡಿದರು. "ಹಿಂದೆ ಇಂಥದ್ದೇ ಒಂದು ಔಷಧೀನ ಇಲಿ ಆದ್ಮೇಲೆ ಮನುಷ್ಯರಿಗೆ ಕೊಟ್ಟು ನೋಡಿದ್ರು. ಅವರಲ್ಲಿ ಹನ್ನೊಂದನೆಯವಳು ನಾನು. ಹದಿನಾಲ್ಕು ವರ್ಷ ಆಯ್ತು. ಹೆದರ್ಕೊಂಡು ಮನೇಲಿ ಕೂತಿದ್ರೆ ಇರ್ತಿರಲಿಲ್ಲ." ಹಾಗೆಂದು ಡಬ್ಬಿಯನ್ನು ನೆಲಕ್ಕಿಟ್ಟು, ಮಗುವಿಗಾಗಿ ಎರಡೂ ಕೈ ಚಾಚಿದರು. ಮಗುವನ್ನು ಅವರಿಗೆ ಕೊಟ್ಟು ಅವಳು ಆಸ್ಪತ್ರೆಯ ನಂಬರ್ ಒತ್ತಿದಳು.