ಟೇಪಿನ ಇನ್ನೊಂದು ತುದಿ

ರಸ್ತೆ ಅಗಲೀಕರಣಕ್ಕೆಂದು ನಮ್ಮ ಅಂಗಡಿಸಾಲಿಗೆ ಬರುವ ಸರ್ವೆ ಸಾಹೇಬರು ಅಳೆಯುತ್ತಾರೆ, ನಾವು ಅಳುತ್ತೇವೆ. ಸಹಾಯಕನನ್ನು ಕರೆತರುವ ಅಭ್ಯಾಸ ಅವರಿಗಿಲ್ಲ. "ಸ್ವಲ್ಪ ಹಿಡ್ಕೊಳ್ಳಿ ಯಜಮಾನ್ರೇ" ಎಂದು ಟೇಪಿನ ತುದಿಯನ್ನು ಅಂಗಡಿಯವನ ಕೈಗೇ ಕೊಡುತ್ತಾರೆ. ಅವನೂ ಉದ್ಘಾಟನೆಯ ರಿಬ್ಬನ್ನು ಹಿಡಿದವನಂತೆ ನೆಟ್ಟಗೆ ನಿಲ್ಲುತ್ತಾನೆ. ಪರಿಹಾರದ ಮಾತೆತ್ತಿದರೆ ಅದೇ ಪಲ್ಲವಿ: "ನೆಲಕ್ಕೆ ಕೊಡ್ತೀವಿ, ಗೋಡೆಗೆ ಕೊಡ್ತೀವಿ, ಗಿರಾಕಿಗೆ ರೇಟಿಲ್ಲ." ನಿನ್ನೆ ಮೂಲೆಯ ಹೊಲಿಗೆ ಅಂಗಡಿಯ ಸರದಿ. ಅದು ಈ ಸಾಹೇಬರ ಸ್ವಂತ ಅಕ್ಕನದು. ಆ ಹೊಲಿಗೆಯಿಂದಲೇ ಇವರು ಓದಿದ್ದು, ಇವರಿಗೆ ಟೇಪು ಹಿಡಿಯಲು ಕಲಿಸಿದವಳೂ ಅವಳೇ. ಅಳೆಯುತ್ತಿದ್ದಂತೆ ಅಂಗಡಿ ಪೂರ್ತಿ ರಸ್ತೆಗೆ ಹೋಗುವುದು ಎಲ್ಲರಿಗೂ ಗೊತ್ತಾಯಿತು. "ಅಷ್ಟು ವರ್ಷದ ಗಿರಾಕಿಗಳು ಕಣೋ" ಎಂದಳು ಅಕ್ಕ. "ಅದಕ್ಕೆ ರೇಟಿಲ್ಲ ಅಕ್ಕ, ಟೇಪು ಬಿಗಿಯಾಗಿ ಹಿಡಿ" ಎಂದರು ಇವರು, ತಲೆ ಎತ್ತದೆ. ಅವಳು ಬಿಗಿಯಾಗಿ ಹಿಡಿದಳು.