ಬಕೆಟ್ ಅಕ್ಕ ಏರಿಸಿದ ಬಾವುಟ

ನನ್ನ ಅಂಗಡಿಯ ಸಾಮಾನನ್ನು ಮೂರು ಸಲ ವಾಪಸ್ ತಂದವರು ಇಬ್ಬರೇ. ಒಬ್ಬರು ನನ್ನ ಮಾವ. ಅವರಿಗೆ ಏನೂ ಅನ್ನುವ ಹಾಗಿಲ್ಲ. ಇನ್ನೊಬ್ಬಳು ಬಕೆಟ್ ಅಕ್ಕ.

ಬಂದರಿನ ಕಟ್ಟೆಯ ಮೇಲೆ ಹಗ್ಗ, ಟಾರ್ಪಾಲು ಮಾರುವ ನನಗೆ ಅವಳು ಹದಿನೆಂಟು ವರ್ಷದಿಂದ ಗೊತ್ತು. ಬಂದರು ಕಚೇರಿಗೆ ಕಸ ಗುಡಿಸಲು ಸೇರಿದವಳು. ದಿನಾ ಬೆಳಿಗ್ಗೆ ಆರಕ್ಕೆ ಸಮುದ್ರದ ನೀರು ಸೇದಿ ಅದರ ಬಿಸಿ ಅಳೆಯಲು ಅಲ್ಲೊಬ್ಬ ಗುಮಾಸ್ತನಿದ್ದ. ಮೆಟ್ಟಿಲು ಇಳಿಯುವ ಕಷ್ಟ ಯಾಕೆಂದು ಅವನು ಕುರ್ಚಿಯಲ್ಲೇ ಕೂತು ಅಂಕಿ ಬರೆಯುತ್ತಿದ್ದ. ಕಸ ಗುಡಿಸುವವಳು ಕಡತ ಓದುತ್ತಾಳೆಂದು ಪಾಪ, ಅವನಿಗೇನು ಗೊತ್ತು?

“ಸಾರ್, ಹನ್ನೊಂದು ದಿನದಿಂದ ಸಮುದ್ರಕ್ಕೆ ಒಂದೇ ಜ್ವರ. ಡಾಕ್ಟ್ರಿಗೆ ತೋರಿಸೋಣ್ವಾ?”

ಅವನು ಉರಿದುಬಿದ್ದ. “ಅಷ್ಟು ಅಕ್ಕರೆ ಇದ್ರೆ ನೀನೇ ಇಳಿದು ನೋಡು.”

ನೋಡಿದಳು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಗುಮಾಸ್ತ ನಿವೃತ್ತನಾದ ಮೇಲೆ ಕೆಲಸ ಅವಳದೇ ಆಯಿತು. ನೀರಿನ ಬಿಸಿ, ಗಾಳಿಯ ಬಿಸಿ ಎರಡನ್ನೂ ಕಟ್ಟೆಯ ಕಪ್ಪು ಹಲಗೆಯ ಮೇಲೆ ಬರೆಯಬೇಕು; ಅಪಾಯ ಕಂಡರೆ ಕಂಬಕ್ಕೆ ಕೆಂಪು ಬಾವುಟ ಏರಿಸಬೇಕು. ಬಾವುಟ ಬರೀ ಎಚ್ಚರಿಕೆ. ಹೊರಡುವುದು ಬಿಡುವುದು ಬೋಟು ನಡೆಸುವವನಿಗೆ ಸೇರಿದ್ದು.

ನಮ್ಮದು ಬೆಚ್ಚಗಿನ ಸಮುದ್ರ, ಚಳಿಗಾಲದಲ್ಲೂ ಕಾಲಿಟ್ಟರೆ ಹಾಯೆನಿಸುತ್ತದೆ. ಮೋಸ ಇರುವುದೂ ಅಲ್ಲೇ. ಎಲ್ಲೋ ದೂರದ ಉತ್ತರದ ನೆಲದಿಂದ ತಣ್ಣನೆಯ ಗಾಳಿ ಗೋಡೆಯ ಹಾಗೆ ತಳ್ಳಿಕೊಂಡು ಬರುತ್ತದೆ. ಬರುವ ಮೊದಲು ಸೆಕೆ, ಒಂದು ಸಾಲು ಮೋಡ, ಕಾಲು ಗಂಟೆ ಮಳೆ. ಆಮೇಲೆ ಆಕಾಶ ತೊಳೆದಿಟ್ಟ ತಟ್ಟೆ. ಜನ “ಮುಗೀತು” ಅಂತ ಹಗ್ಗ ಬಿಚ್ಚುತ್ತಾರೆ. ಅಸಲಿ ಗಾಳಿ ಶುರುವಾಗುವುದೇ ಆಗ! ಉತ್ತರಕ್ಕೆ ಗುಡ್ಡ ಅಡ್ಡವಿರುವುದರಿಂದ ಬಂದರಿನೊಳಗೆ ಬೀಡಿ ಹಚ್ಚಿದರೆ ಕಡ್ಡಿ ಆರುವುದಿಲ್ಲ. ಗುಡ್ಡ ದಾಟಿದರೆ ಗಾಳಿ ಒಂದು ಕಡೆಗೆ, ನೀರಿನ ಸೆಳೆತ ಇನ್ನೊಂದು ಕಡೆಗೆ. ನಡುವೆ ಅಲೆ ಎದ್ದು ನಿಲ್ಲುತ್ತದೆ.

ಅಕ್ಕನದು ಚಳಿಗಾಲದ ಮೇಲೆ ಚಳಿಗಾಲ ನೋಡಿ ಮಾಡಿಕೊಂಡ ಒಂದು ಲೆಕ್ಕ. ನೀರಿಗಿಂತ ಗಾಳಿ ಎಂಟು ಡಿಗ್ರಿಯೋ ಅದಕ್ಕಿಂತ ಹೆಚ್ಚೋ ತಣ್ಣಗಿದ್ದರೆ ಬಾವುಟ.

ಹೋದ ಚಳಿಗಾಲ ಒಂದು ಬೆಳಿಗ್ಗೆ ಗಾಳಿ ಹದಿನೆಂಟು, ನೀರು ಇಪ್ಪತ್ತನಾಲ್ಕು. ಆರೇ ಡಿಗ್ರಿ ವ್ಯತ್ಯಾಸ, ಬಾವುಟ ಏರಲಿಲ್ಲ. ಎದುರು ದಡಕ್ಕೆ ಜನ ಸಾಗಿಸುವ ಬೋಟು ನಡೆಸುತ್ತಿದ್ದ ಅವಳ ತಮ್ಮ ಹೊರಟ. ಗುಡ್ಡದಾಚೆ ಬೋಟು ಎಗರಿದಾಗ ಅವನ ಬಲಗೈಗೆ ಹಗ್ಗ ಸುತ್ತಿಕೊಂಡು ಎರಡು ಬೆರಳು ಹೋದವು.

ಹಣೆಬರಹ ಅಂದುಕೊಂಡು ಸುಮ್ಮನಿರುವ ಹೆಂಗಸಲ್ಲ ಅವಳು. ಮುಂದಿನ ತಣ್ಣನೆಯ ಗಾಳಿ ಬಂದ ದಿನ ಎಂದಿನ ತಗಡಿನ ಬಕೆಟ್ಟಿನಲ್ಲಿ ನೀರು ಸೇದಿದ ಕೂಡಲೇ ಅಳೆದು, ಗಾಳಿಗೆ ಹಿಡಿದು ನಿಂತು, ಐದು ನಿಮಿಷ ಬಿಟ್ಟು ಮತ್ತೆ ಅಳೆದಳು. ಎರಡು ಡಿಗ್ರಿ ಇಳಿದಿತ್ತು. ಸಮುದ್ರ ಸುಳ್ಳು ಹೇಳಿರಲಿಲ್ಲ, ತಗಡು ಹೇಳಿತ್ತು. ಅವಳು ಹಲಗೆಯ ಮೂಲೆಯಲ್ಲಿ ಬಿಳಿ ಬಣ್ಣದಿಂದ ಬರೆದಳು: “ಆ ದಿನ ನೀರು 24 ಅಲ್ಲ, 26. ತಪ್ಪು ನನ್ನದು.” ಅಳಿಸು ಎಂದು ಕಚೇರಿಯ ಸಾಹೇಬರು ಎರಡು ಸಲ ಹೇಳಿದರು. ಮಾಸಿದಾಗಲೆಲ್ಲ ಅವಳು ಮತ್ತೆ ತಿದ್ದಿದಳು.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ನೀರು ಬೇಗ ತಣ್ಣಗಾಗದ ಹಾಗೆ ದಪ್ಪ ಕ್ಯಾನ್ವಾಸಿನ ಬಕೆಟ್ ಬೇಕಂತೆ. ಹೊಲಿಸಿ ಕೊಟ್ಟೆ; ತೆಳ್ಳಗಾಯಿತು. ಎರಡು ಪದರ ಹಾಕಿಸಿದೆ, ತಳ ಸೋರಿತು. ಮೂರನೆಯದನ್ನೂ ಹಿಡಿದು ಬಂದಳು.

“ಸಾವ್ಕಾರ್ರೇ, ಇದರ ಬಾಯಿ ಅಗಲ ಆಯ್ತು. ಗಾಳಿ ಒಳಗೇ ಹೋಗಿ ಸಂಸಾರ ಹೂಡುತ್ತೆ.”

“ನಿನ್ನ ಬಾಯಿಗಿಂತ ಅಗಲ ಇಲ್ವಲ್ಲಮ್ಮಾ!”

“ನನ್ನ ಬಾಯಿ ಯಾವಾಗ್ಲೂ ಬಿಸಿಯಾಗೇ ಇರುತ್ತೆ, ಅದರ ಚಿಂತೆ ನಿಮಗೆ ಬೇಡ.”

ನಾಲ್ಕನೆಯದು ಪಾಸಾಯಿತು.

ಈ ಚಳಿಗಾಲ ಅವಳ ತಮ್ಮನಿಗೆ ಮತ್ತೆ ಕೆಲಸ ಸಿಕ್ಕಿತು. ಮೂರು ಬೆರಳಿನವನಿಗೆ ಚುಕ್ಕಾಣಿಯ ಚಕ್ರ ಕೊಡಲು ಬೋಟಿನ ಯಜಮಾನ ಆರು ತಿಂಗಳು ಸತಾಯಿಸಿದ್ದ. ಮೊದಲ ದಿನವೇ ಬೆಳಗಿನ ಜಾವ ಕಾಲು ಗಂಟೆ ಮಳೆ ಸುರಿದು ಆಕಾಶ ತೊಳೆದಿಟ್ಟ ತಟ್ಟೆಯಾಯಿತು. ನಲವತ್ತು ಜನ ಟಿಕೆಟ್ ಹಿಡಿದು ಬೋಟಿನಲ್ಲಿ ಕೂತಿದ್ದರು. ಹಲಗೆಯ ಮೇಲೆ ನೀರು ಇಪ್ಪತ್ತೇಳು, ಗಾಳಿ ಹದಿನೇಳು. ಕಂಬದಲ್ಲಿ ಕೆಂಪು ಬಾವುಟ.

“ಏನಮ್ಮಾ ಇದು, ಒಂದು ಎಲೆ ಅಲ್ಲಾಡ್ತಿಲ್ಲ!” ಯಜಮಾನ ಕೂಗಿದ. ತಮ್ಮನ ಕಡೆ ತಿರುಗಿ, “ನೋಡಪ್ಪಾ, ಇವತ್ತು ನೀನು ಹೊರಡ್ಲಿಲ್ಲ ಅಂದ್ರೆ ನಾಳೆಯಿಂದ ಚಕ್ರ ನನ್ನ ಅಳಿಯನ ಕೈಲಿ” ಎಂದ.

ತಮ್ಮ ಕಟ್ಟೆಗೆ ಹಾರಿ ಬಂದ.

“ಅಕ್ಕಾ, ಇಳಿಸು ಅದನ್ನ. ಒಂದು ಸಲ ಬೆರಳು ತಿಂದೆ, ಈಗ ಅನ್ನಾನೂ ತಿಂತೀಯಾ?”

ನನ್ನ ಕೈಯ ತಕ್ಕಡಿ ಹಾಗೇ ನಿಂತಿತು. ಅವಳ ಮುಖ ಒಂದು ಕ್ಷಣ ಬಿಳಚಿಕೊಂಡಿತು. ಬಾವುಟದ ಹಗ್ಗವನ್ನು ಮಾತ್ರ ಕೈಬಿಡಲಿಲ್ಲ.

“ಬೆರಳು ತಿಂದಿದ್ದು ನಿಜ ಕಣೋ. ಅಲ್ಲೇ ಬರ್ದಿದೀನಿ, ಊರೆಲ್ಲ ಓದಿದೆ. ಅದಕ್ಕೇ ಇಳಿಸಲ್ಲ.”

“ಆಕಾಶ ನೋಡೇ ಒಂದ್ಸಲ!”

“ಆಕಾಶ ನೀನು ಆವತ್ತೂ ನೋಡಿದ್ದೆ. ಇವತ್ತು ನೀರು ನೋಡು.” ಆಗಷ್ಟೇ ಸೇದಿದ ಬಕೆಟ್ಟನ್ನು ಅವನ ಮುಂದೆ ಇಟ್ಟಳು. “ನನ್ನನ್ನ ನಂಬಬೇಡ. ಆ ಕೈ ಇಡು.”

ಚಳಿಗೆ ಸೆಟೆದುಕೊಂಡಿದ್ದ ಬಲಗೈಯನ್ನು ಅವನು ಸಿಟ್ಟಿನಲ್ಲೇ ಮುಳುಗಿಸಿದ. ತೆಗೆದ. ಗಾಳಿಗೆ ಹಿಡಿದ. ಮತ್ತೆ ಮುಳುಗಿಸಿದ. ಈ ಸಲ ಬೇಗ ತೆಗೆಯಲಿಲ್ಲ.

“ಸ್ನಾನದ ನೀರಿನ ಹಾಗಿದೆ” ಎಂದ, ಮೆಲ್ಲಗೆ.

“ಹೂಂ.”

ಅವನು ಬೋಟಿಗೆ ಹೋಗಿ ಕೀಲಿಕೈ ಕಿತ್ತು ಜೇಬಿಗೆ ಹಾಕಿಕೊಂಡ. “ಎಲ್ಲಾರೂ ಇಳೀರಿ. ಯಜಮಾನ್ರೇ, ಅಳಿಯಂದಿರನ್ನ ಕರೆಸಿ. ಅವರೂ ಒಂದ್ಸಲ ಕೈ ಇಟ್ಟು ನೋಡ್ಲಿ, ಆಮೇಲೆ ಕೀಲಿ ಕೊಡ್ತೀನಿ.”

ಜನ ಬೈದುಕೊಂಡು ಇಳಿದರು. ಅಳಿಯ ಬರಲಿಲ್ಲ, ಹತ್ತು ಗಂಟೆಗೆ ಮೊದಲು ಏಳುವ ಪೈಕಿಯಲ್ಲ ಆ ಮಹಾನುಭಾವ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಎಲೆ ಅಲ್ಲಾಡಲಿಲ್ಲ. ಯಜಮಾನ ನಿಮಿಷಕ್ಕೊಮ್ಮೆ ಗಡಿಯಾರವನ್ನೂ ಅಕ್ಕನನ್ನೂ ನೋಡುತ್ತಿದ್ದ. ಅಕ್ಕ ಕಂಬದ ಬುಡದಲ್ಲೇ ಕೂತಿದ್ದಳು, ಬೇರು ಬಿಟ್ಟ ಹಾಗೆ.

ಹತ್ತೂಕಾಲಿಗೆ ಗುಡ್ಡದ ಮರೆಯಿಂದ ಒಂದು ಮೀನಿನ ಬೋಟು ಬಂತು. ಬಾವುಟ ಏರುವ ಮುಂಚೆಯೇ ಹೊರಟಿದ್ದ ಬೋಟು. ಮುಂದಿನ ಗಾಜು ಪುಡಿ, ಬಲೆ ಇಲ್ಲ. ನಾಲ್ಕೂ ಜನ ತೊಪ್ಪೆಯಾಗಿದ್ದರು, ಪುಣ್ಯಕ್ಕೆ ಎಲ್ಲರೂ ಇದ್ದರು.

“ಗುಡ್ಡ ದಾಟೋವರ್ಗೂ ಕನ್ನಡಿ ಥರ ಇತ್ತಣ್ಣಾ” ಎಂದ ಅದರ ಮಾಲೀಕ, ಹಲ್ಲು ಕಟಕಟಿಸುತ್ತಾ. “ಆಮೇಲೆ ಮನೆ ಎತ್ತರಕ್ಕೆ ಎದ್ವು.”

ಮೊದಲು ಗಂಟಲು ಸರಿಮಾಡಿಕೊಂಡವನು ಯಜಮಾನ. “ಟಿಕೆಟ್ ನಾಳೆಗೂ ನಡೆಯುತ್ತೆ! ಜನರ ಪ್ರಾಣ ನಮಗೆ ಮುಖ್ಯ!” ಬಾವುಟ ತಾನೇ ಹೊಲಿದು ತಂದವನ ಹಾಗೆ ಸಾರಿದ. ಅಳಿಯನ ಸುದ್ದಿ ಮತ್ತೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಹಲಗೆಯ ಮೂಲೆಯ ಬಿಳಿ ಅಕ್ಷರ ತಿದ್ದುತ್ತಿದ್ದಳು. ತಮ್ಮ ಬಣ್ಣದ ಡಬ್ಬಿ ಹಿಡಿದು ನಿಂತಿದ್ದ.

“ಇನ್ನಾದ್ರೂ ಅದನ್ನ ಅಳಿಸಕ್ಕಾ.”

“ನಿನ್ನೆ ಸರಿಹೋಯ್ತು ಅಂತ ಆವತ್ತಿನದು ಸರಿಯಾಗುತ್ತಾ? ನನ್ನ ನಂತರ ಬರೋರು ತಗಡಿನ ಬಕೆಟ್ ಇಳಿಸಬಾರ್ದು. ಡಬ್ಬಿ ನೆಟ್ಟಗೆ ಹಿಡಿ.”

ಹಿಡಿದ. “ಇವತ್ತು ವ್ಯತ್ಯಾಸ ಎಷ್ಟಿದೆ?” ಎಂದು ಕೇಳಿದ.

“ಒಂಬತ್ತು.”

ಅವನು ಆಕಾಶ ನೋಡಲಿಲ್ಲ. ಕೀಲಿಕೈ ಜೇಬಿನಲ್ಲಿದೆಯೇ ಎಂದು ತಟ್ಟಿ ನೋಡಿಕೊಂಡು, ಬೋಟನ್ನು ಕಟ್ಟೆಗೆ ಇನ್ನೊಂದು ಹಗ್ಗದಿಂದ ಬಿಗಿಯಬೇಕೆಂದು ನೇರ ನನ್ನ ಅಂಗಡಿಗೆ ಬಂದ. ದಪ್ಪನೆಯದನ್ನೇ ತೋರಿಸಿದೆ.