ನಡುಕ ಕಾರಿನದು, ಕೈಯದಲ್ಲ

ನನ್ನ ಗಂಡ ಟೈಲರ್. ಬೀದಿಯವರಿಗೆಲ್ಲ ಮಾಸ್ಟ್ರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೊರಳಲ್ಲಿ ಸದಾ ಅಳತೆಯ ಟೇಪು. ಯಾರೇ ಎದುರಿಗೆ ಬಂದರೂ ಮೊದಲು ಅವರ ಭುಜ ನೋಡುತ್ತಾರೆ, ಮುಖ ಆಮೇಲೆ. ಮದುವೆಯಾದ ಹೊಸದರಲ್ಲಿ ನನ್ನೊಂದಿಗೆ ಆಡಿದ ಮೊದಲ ಪ್ರೀತಿಯ ಮಾತು, "ನಿನ್ನ ಎಡಭುಜ ಕಾಲಿಂಚು ಇಳಿದಿದೆ." ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇಂಥ ಮನುಷ್ಯನ ಬಲಗೈ ಮೂರು ತಿಂಗಳಿಂದ ನಡುಗತೊಡಗಿತ್ತು. ನಾನು ಅದನ್ನು ಗಮನಿಸಿದ್ದು ಒಂದು ಕೋಟಿನ ಬಟ್ಟೆ ಹಾಳಾದಾಗ. ಸೀಮೆಸುಣ್ಣದ ಗೆರೆ ಒಂದು ಕಡೆ, ಕತ್ತರಿ ಹೋಗಿದ್ದು ಇನ್ನೊಂದು ಕಡೆ. ಕತ್ತರಿ ಮೊಂಡು ಅಂದರು, ಸಾಣೆ ಹಿಡಿಸಿದ್ದಾಯಿತು. ಬಲ್ಬು ಮಂದ ಅಂದರು, ಬದಲಾಯಿಸಿದ್ದಾಯಿತು. ಕೊನೆಗೆ ಒಂದು ದಿನ, "ನೀನೂ ಸ್ವಲ್ಪ ಕಟಿಂಗ್ ಕಲಿ" ಎಂದು ಕತ್ತರಿಯನ್ನೇ ನನ್ನ ಕೈಗೆ ಕೊಟ್ಟರು. ಮೂವತ್ತೊಂದು ವರ್ಷ ಆ ಕತ್ತರಿಯನ್ನು ಯಾರಾದರೂ ಮುಟ್ಟಿದರೆ ಮನೆ ಮೇಲೆ ಕೆಳಗೆ ಮಾಡುತ್ತಿದ್ದವರು!

"ಡಾಕ್ಟರಿಗೆ ತೋರ್ಸೋಣ ರೀ."

"ಕೈಗೇನೂ ಆಗಿಲ್ಲ ಕಣೇ. ಅದು ಕಾರಿನ ನಡುಕ."

ಕಾರು ನಡುಗುತ್ತಿದ್ದದ್ದೇನೋ ನಿಜ. ಹದಿನೆಂಟು ವರ್ಷ ಹಳೆಯದು. ಸಿಗ್ನಲ್ಲಿನಲ್ಲಿ ನಿಂತರೆ ಇಡೀ ಮೈ ಗಡಗಡ. ಎದುರಿನ ಖಾನೆಯ ಬಾಗಿಲು ತಾನಾಗಿಯೇ ತೆರೆದು ಕಾಗದಪತ್ರವನ್ನೆಲ್ಲ ನನ್ನ ಮಡಿಲಿಗೆ ಸುರಿಯುತ್ತಿತ್ತು. ಎಂಜಿನ್ ಕೂರುವ ರಬ್ಬರಿನ ಮೌಂಟಿಂಗುಗಳು ಸವೆದಿವೆ ಎಂದು ಪಕ್ಕದ ಮನೆಯ ಡ್ರೈವರಣ್ಣ ಹೇಳಿದ್ದೇ ತಡ, ನಮ್ಮವರು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

"ವಾರಕ್ಕೆ ಮೂರು ದಿನ ಬಟ್ಟೆ ಮಾರ್ಕೆಟ್ಟಿಗೆ ಅದರಲ್ಲೇ ಹೋಗ್ಬೇಕು. ಆ ಸ್ಟಿಯರಿಂಗ್ ಹಿಡ್ಕೊಂಡ್ರೆ ಯಾರ ಕೈ ನಡುಗಲ್ಲ ಹೇಳು?"

"ಸ್ಟಿಯರಿಂಗ್ ಹಿಡಿಯೋದು ಎರಡು ಕೈಲಿ. ನಡುಗೋದು ಬಲಗೈ ಒಂದೇ."

"ಎಡಗೈ ಗೇರಿನ ಮೇಲೆ ಇರುತ್ತೆ. ಭಾರ ಪೂರ್ತಿ ಬಲಗೈಗೇ, ಪಾಪ."

ಇವರ ಬಾಯಿಗೆ ಉತ್ತರ ಎಲ್ಲಿಂದ ಬರುತ್ತದೋ! ನಾನೂ ಬಿಡಲಿಲ್ಲ. ಮೌಂಟಿಂಗ್ ಬದಲಾಯಿಸಿದ ಮೇಲೂ ಕೈ ನಡುಗಿದರೆ ಕಮಕ್ ಕಿಮಕ್ ಎನ್ನದೆ ಡಾಕ್ಟರ ಹತ್ತಿರ ಬರಬೇಕು ಎಂದು ಮಾತು ತೆಗೆದುಕೊಂಡೆ. "ಆಯ್ತು, ಆದ್ರೆ ಗ್ಯಾರೇಜಿಗೆ ಕೊಡಲ್ಲ. ನಾನೇ ಮಾಡೋದು" ಅಂದರು. ಬೇರೆ ಟೈಲರ್ ಹೊಲಿದ ಕರವಸ್ತ್ರವನ್ನೂ ಜೇಬಿಗೆ ಹಾಕದ ಜಂಬ.

ಹೊಸ ಮೌಂಟಿಂಗುಗಳು ಬಂದವು. ಬಂದು, ಕಟಿಂಗ್ ಮೇಜಿನ ಕೆಳಗೆ ಎಂಟು ದಿನ ಕೂತವು. ಒಂದು ದಿನ ಮೋಡ. ಒಂದು ದಿನ ಬಿಸಿಲು ಜಾಸ್ತಿ. ಇನ್ನೊಂದು ದಿನ ಮೋಡವೂ ಇಲ್ಲ ಬಿಸಿಲೂ ಇಲ್ಲ, ಆದರೆ ಯಾಕೋ ಮನಸ್ಸಿಲ್ಲ. ಇವರಿಗೆ ಭಯ ಎಂದು ನನಗೆ ಗೊತ್ತಿತ್ತು. ಭಯ ನನಗೂ ಇತ್ತು. ಅದಕ್ಕೇ ಶನಿವಾರ ಬೆಳಿಗ್ಗೆ ಆ ಪೆಟ್ಟಿಗೆಯನ್ನು ಎಳೆದು ತಂದು ಕಾರಿನ ಮುಂದೆ ದೊಪ್ಪನೆ ಇಟ್ಟೆ.

ಬಾನೆಟ್ ಎತ್ತಿದರು. ಎತ್ತಿದ ತಕ್ಷಣ ಕೊರಳಿನ ಟೇಪು ಕೈಗೆ ಬಂತು. ಎಂಜಿನ್ನನ್ನು ಈ ಕಡೆಯಿಂದ ಅಳೆದರು, ಆ ಕಡೆಯಿಂದ ಅಳೆದರು.

"ನೋಡು, ಬಲಭುಜ ಮುಕ್ಕಾಲಿಂಚು ಇಳಿದಿದೆ."

"ನನಗಿಂತ ಜಾಸ್ತಿ" ಅಂದೆ. ಅವರು ನಗಲಿಲ್ಲ.

ಎಂಜಿನ್ನಿನ ಅಡಿಗೆ ಜಾಕ್ ಕೊಟ್ಟು ಭಾರ ಹೊರಿಸಬೇಕು. ಕಬ್ಬಿಣಕ್ಕೆ ಕಬ್ಬಿಣ ನೇರವಾಗಿ ತಾಗದಂತೆ ನಡುವೆ ಮರದ ತುಂಡು ಬೇಕು. ಒಳಗೆ ಹೋದವರು ನಾನು ತರಕಾರಿ ಹೆಚ್ಚುವ ಹಲಗೆ ಹಿಡಿದುಕೊಂಡು ಬಂದರು. ನಾನು ಬೊಬ್ಬೆ ಹೊಡೆಯುವಷ್ಟರಲ್ಲಿ ಅದು ಎಣ್ಣೆಯ ಜಿಡ್ಡಿನಡಿ ಸೇರಿತ್ತು. ಡ್ರೈವರಣ್ಣ ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು ಕೂತು, "ಗ್ಯಾರೇಜಿಗೆ ಬಿಡಿ ಮಾಸ್ಟ್ರೇ, ಇದು ಗುಂಡಿ ಹೊಲಿಯೋ ಕೆಲಸ ಅಲ್ಲ" ಎಂದು ಆಗಾಗ ಹುರಿದುಂಬಿಸುತ್ತಿದ್ದ.

ಮೌಂಟಿಂಗು ಒಟ್ಟು ಮೂರು. ಹಳೆಯದನ್ನು ಬಿಚ್ಚಿ ತೆಗೆದಾಗ ರಬ್ಬರು ಹರಿದು ಎರಡು ತುಂಡಾಗಿತ್ತು. ಅದನ್ನು ನನ್ನ ಮೂಗಿನ ಹತ್ತಿರ ಹಿಡಿದು, "ನಾನು ಹೇಳ್ಲಿಲ್ವಾ?" ಎಂದು ಎಷ್ಟು ಖುಷಿಪಟ್ಟರು! ಆದರೆ ಹೊಸದನ್ನು ಕೂರಿಸಿ ಬೋಲ್ಟು ಹಾಕಲು ಹೋದರೆ ಬೋಲ್ಟು ತೂತಿಗೆ ಸೇರಲಿಲ್ಲ. ಸುತ್ತಮುತ್ತ ತಡವಿತು, ಜಾರಿತು, ಕೆಳಗೆ ಬಿತ್ತು. ಮೂರು ಸಲ ಬಿತ್ತು.

"ನೀನು ಹಾಕು. ನಿನ್ನ ಬೆರಳು ಸಣ್ಣ" ಅಂದರು, ನನ್ನ ಮುಖ ನೋಡದೆ.

ನಾನೂ ಅವರ ಮುಖ ನೋಡದೆ ಹಾಕಿದೆ. ಒಂದೊಂದೂ ಹಲ್ಲು ಹಿಡಿದ ಮೇಲೆ ಅವರು ಸ್ಪ್ಯಾನರ್ ಹಾಕಿ, ಮೈಭಾರವೆಲ್ಲ ಬಿಟ್ಟು, ಉಸಿರು ಕಟ್ಟಿ ಬಿಗಿದರು. ಒಂದು ಮುಗಿಸಿ ಇನ್ನೊಂದು, ಅದು ಮುಗಿಸಿ ಮತ್ತೊಂದು. ಮಧ್ಯಾಹ್ನ ಮೂರಕ್ಕೆ ಜಾಕ್ ಇಳಿಸಿ ಗಾಡಿ ಸ್ಟಾರ್ಟ್ ಮಾಡಿದರು.

ಅಯ್ಯೋ ದೇವರೇ! ಮಡ್‌ಗಾರ್ಡಿನ ಮೇಲಿಟ್ಟಿದ್ದ ಸ್ಪ್ಯಾನರುಗಳು ಒಂದೊಂದಾಗಿ ನೆಲಕ್ಕೆ ಹಾರಿದವು. ಬಾಗಿಲುಗಳು ಕಟಕಟ ಅಂದವು.

"ಮಾಸ್ಟ್ರೇ, ಮೊದಲು ನಡುಗ್ತಿತ್ತು, ಈಗ ಕುಣೀತಿದೆ" ಅಂದ ಡ್ರೈವರಣ್ಣ.

ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನಮ್ಮವರ ಮುಖ ಅರಳಿತ್ತು. "ನೋಡಿದ್ಯಾ? ಕಾರು ಇನ್ನೂ ಸರಿಯಾಗಿಲ್ಲ. ಮೌಂಟಿಂಗೇ ಸರಿ ಇಲ್ಲ ಅನ್ಸುತ್ತೆ. ಬೇರೆ ತರಿಸ್ಬೇಕು, ಒಂದು ತಿಂಗಳಾದ್ರೂ ಬೇಕು" ಎಂದು ಕೈ ಒರೆಸಿಕೊಳ್ಳಲು ಚಿಂದಿ ಹುಡುಕತೊಡಗಿದರು. ಒಂದು ತಿಂಗಳು! ನನಗೆ ಮೈಯೆಲ್ಲ ಉರಿದುಹೋಯಿತು. ಬಗ್ಗಿ ಎಂಜಿನ್ನಿನ ಪಕ್ಕ ನೋಡಿದೆ. ಹೊಸ ರಬ್ಬರು ಒಂದು ಪಕ್ಕಕ್ಕೆ ತಿರುಚಿಕೊಂಡು ಕೂತಿತ್ತು. ತೋಳು ಕೋಟಿಗೆ ಸರಿಯಾಗಿ ಕೂರದಿದ್ದರೆ ಕಂಕುಳಲ್ಲಿ ಹೀಗೇ ಎಳೆಯುತ್ತದೆ. ಅಂಥ ತೋಳುಗಳನ್ನು ಎಷ್ಟು ಸಲ ಬಿಚ್ಚಿಲ್ಲ ನಾನು.

ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಇನ್ನೊಂದು ತಿಂಗಳು ಇಬ್ಬರೂ ಹೆದರದೆ ಇರಬಹುದಿತ್ತು. ಆದರೆ ಬಾಯಿ ನನ್ನದಲ್ಲವೇ, ಸುಮ್ಮನಿರಲಿಲ್ಲ.

"ರೀ, ಕೋಟಿಗೆ ತೋಳು ಇಡೋವಾಗ ಮೊದಲು ಏನು ಮಾಡ್ತೀರಿ?"

"ಕಚ್ಚಾ ಹೊಲಿಗೆ ಹಾಕ್ತೀನಿ."

"ಆಮೇಲೆ?"

"ಗಿರಾಕಿಗೆ ತೊಡಿಸ್ತೀನಿ. ಕೈ ಮೇಲೆ ಕೆಳಗೆ ಮಾಡಿಸಿ, ಕೂತ್ಕೊಂಡ ಮೇಲೆ ಪಕ್ಕಾ ಹೊಲಿ..."

ಕಿವಿಯವರೆಗೂ ಕೆಂಪಾದರು. ಎಂಜಿನ್ ತನ್ನ ಜಾಗದಲ್ಲಿ ಕೂರುವ ಮೊದಲೇ ಒಂದೊಂದು ಬೋಲ್ಟನ್ನೂ ಪಕ್ಕಾ ಬಿಗಿದು ಬಂದಿದ್ದರು ಈ ಮಹಾನುಭಾವರು. ಗಿರಾಕಿ ಇಲ್ಲದೆಯೇ ಕೋಟು ಮುಗಿಸಿದ್ದರು!

ಭಯ ಎಷ್ಟೇ ಇರಲಿ, ಹೊಲಿಗೆ ತಪ್ಪಿತೆಂದು ಗೊತ್ತಾದ ಮೇಲೆ ಅದನ್ನು ಹಾಗೇ ಬಿಡುವ ಜಾತಿಯಲ್ಲ ನನ್ನ ಗಂಡ. ಎಲ್ಲ ಬೋಲ್ಟುಗಳನ್ನೂ ಎರಡೆರಡು ಸುತ್ತು ಸಡಿಲ ಮಾಡಿದರು. ಎಂಜಿನ್ ಓಡಿಸಿ, ಗಾಡಿಯನ್ನು ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ ಆಡಿಸಿದರು. ಒಳಗೆಲ್ಲೋ ಗುಡುಕ್ ಎಂದು ಭಾರ ಕೂತ ಸದ್ದು ಕೇಳಿಸಿತು. ಗಾಡಿ ನಿಲ್ಲಿಸಿ, ಈಗ ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ, ಸಮನಾಗಿ ಬಿಗಿಯುತ್ತಾ ಬಂದರು. ಆಮೇಲೆ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು.

"ಸ್ಟಾರ್ಟ್ ಆಯ್ತಾ?" ಎಂದು ಕೇಳಿದ ಡ್ರೈವರಣ್ಣ. ಆಗಿತ್ತು. ಕಾರು ಹೊಟ್ಟೆ ತುಂಬಿದ ಹಸುವಿನ ಹಾಗೆ ನಿಂತಿತ್ತು. ಅವನು ಎದ್ದು ಬಂದು ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು, "ಭಲೇ ಮಾಸ್ಟ್ರೇ!" ಎಂದು ತನ್ನ ಬಕೆಟ್ ಎತ್ತಿಕೊಂಡು ಮನೆಗೆ ಹೋದ.

ನಮ್ಮವರು ಇಳಿಯಲಿಲ್ಲ. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಸ್ಟಿಯರಿಂಗ್ ಅಲುಗದೆ ನಿಂತಿತ್ತು. ಅದರ ಮೇಲೆ ಎಡಗೈ ಕೂಡ ಅಲುಗದೆ ಇತ್ತು. ಬಲಗೈಯ ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ತಾನು ನಡುಗುತ್ತಿತ್ತು. ಆ ಕೈಯನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅಲ್ಲೂ ನಿಲ್ಲಲಿಲ್ಲ. ಎಡಗೈಯಿಂದ ಮುಚ್ಚಿ ಹಿಡಿದರು.

ಎಂಟು ದಿನದಿಂದ 'ನಾನು ಹೇಳ್ಲಿಲ್ವಾ' ಎಂಬ ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಕಾದವಳು ನಾನು. ಈಗ ಅದು ಬೇಡವೇ ಬೇಡ ಅನಿಸಿತು.

"ಡಾಕ್ಟ್ರು ಆರರವರೆಗೆ ಇರ್ತಾರೆ ರೀ" ಅಂದೆ.

ಇಳಿದು, ಬಾನೆಟ್ ಹಾಕಿ, ಸುತ್ತು ಬಳಸಿ ಹೋಗಿ ಪಕ್ಕದ ಸೀಟಿನಲ್ಲಿ ಕೂತರು. ನನಗೆ ಡ್ರೈವಿಂಗ್ ಬರುತ್ತಿದ್ದರೂ ತಮ್ಮ ಕಾರಿನ ಸ್ಟಿಯರಿಂಗನ್ನು ಈವರೆಗೆ ಒಮ್ಮೆಯೂ ಬಿಟ್ಟವರಲ್ಲ. ನಾನು ಕೂತು ಸೀಟನ್ನು ಮುಂದಕ್ಕೆ ಎಳೆದುಕೊಂಡೆ. ಅವರು ಸ್ವಲ್ಪ ಹೊತ್ತು ಎಂಜಿನ್ನನ್ನು ಕೇಳಿಸಿಕೊಂಡರು.

"ಇಷ್ಟು ಚೆನ್ನಾಗಿ ರಿಪೇರಿ ಮಾಡ್ಬಾರ್ದಿತ್ತು ಕಣೇ" ಅಂದರು.

ನಾನು ಅವರ ಬಲಗೈ ಹಿಡಿದುಕೊಂಡೆ. ಗೇರ್ ಹಾಕಲು ಆಮೇಲೆ ಬಿಟ್ಟೆ.